ಅಣ್ಣನ ಫ್ಲಾಪಿ, ಪರ್ಷಿಯಾದ ರಾಜಕುಮಾರ

ಪುಣೆಯ ವಾಕಡದಲ್ಲಿ ಜುಲೈ ತಿಂಗಳ ಭಾನುವಾರವೆಂದರೆ ಮನೆಯಿಂದ ಹೊರಬೀಳುವ ಮಾತೇ ಇಲ್ಲ. ಮಳೆ ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಹಿಂಜವಡಿ ರಸ್ತೆಯ ಟ್ರಾಫಿಕ್ ಬಿಡುವುದಿಲ್ಲ. ಅಂಥದ್ದೊಂದು ಮಧ್ಯಾಹ್ನ ಹನ್ನೆರಡು ವರ್ಷದ ಮಗಳು ಕೇಳಿದಳು, "ಅಪ್ಪಾ, ನೀನು ಸಣ್ಣವನಿದ್ದಾಗ ಯಾವ ಗೇಮ್ ಆಡ್ತಿದ್ದಿ?"

ಲಗೋರಿ, ಚಿಣಿಫಣಿ, ಬುಗುರಿ ಎಂದೆ.

"ಅದಲ್ಲಪ್ಪಾ, ಸ್ಕ್ರೀನ್ ಮೇಲೆ!"

'ಪ್ರಿನ್ಸ್ ಆಫ್ ಪರ್ಷಿಯಾ' ಎಂದೆ. ಹೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಹಳೆಯ ಡಾಸ್ ಆಟವನ್ನು ಬಿಚ್ಚಿ ನೋಡಿ, ಇಂದಿನ ಕಂಪ್ಯೂಟರುಗಳಲ್ಲಿ ಓಡುವಂತೆ ಆಸಕ್ತರು ಮತ್ತೆ ಕಟ್ಟಿದ 'ಎಸ್‌ಡಿಎಲ್‌ಪಾಪ್' ಎಂಬ ಮುಕ್ತ ತಂತ್ರಾಂಶವಿದೆ. ಹತ್ತು ನಿಮಿಷದಲ್ಲಿ ಆಫೀಸಿನ ಕೆಲಸ ಬದಿಗೆ ಸರಿದು, ಲ್ಯಾಪ್‌ಟಾಪಿನ ಪರದೆಯ ಮೇಲೆ ಬಿಳಿ ಬಟ್ಟೆಯ ಸಣ್ಣ ಮನುಷ್ಯ ನೆಲಮಾಳಿಗೆಯ ಸೆರೆಮನೆಗೆ ಧೊಪ್ಪನೆ ಬಿದ್ದ. ಅವನ ಹಿಂದೆ ಬಾಗಿಲು ಮುಚ್ಚಿತು. ನನ್ನ ಎಡಗೈ ಹೆಬ್ಬೆರಳು ತಾನಾಗಿಯೇ ಶಿಫ್ಟ್ ಕೀ ಮೇಲೆ ಹೋಗಿ ಕೂತಿತು. ಮೂವತ್ತು ವರ್ಷದಲ್ಲಿ ನಾನು ಎಷ್ಟೋ ಪಾಸ್‌ವರ್ಡ್ ಮರೆತಿದ್ದೇನೆ, ಎಂಜಿನಿಯರಿಂಗ್ ಕಾಲೇಜಿನ ಅರ್ಧ ಗೆಳೆಯರ ಹೆಸರು ಮರೆತಿದ್ದೇನೆ. ಆ ಬೆರಳು ಮರೆತಿರಲಿಲ್ಲ.

ಎರಡೇ ನಿಮಿಷಕ್ಕೆ ಸತ್ತೆ ಅನ್ನುವುದು ಬೇರೆ ಮಾತು. ಕಾಲಿಟ್ಟರೆ ಅಲುಗಾಡಿ ಕುಸಿಯುವ ಹಾಸುಗಲ್ಲುಗಳಿರುತ್ತವೆ. ಅಂಥದ್ದರ ಮೇಲೆ ನಿಂತು ಯೋಚಿಸುತ್ತಿದ್ದೆ. ಯೋಚಿಸುವಷ್ಟು ಹೊತ್ತು ಅವು ಕೊಡುವುದಿಲ್ಲ ಎಂಬುದು ಬೆರಳಿಗೆ ನೆನಪಿತ್ತು, ನನಗಿರಲಿಲ್ಲ.

ಚಪ್ಪಲಿ ಹೊರಗೆ, ಕಂಪ್ಯೂಟರ್ ಒಳಗೆ

1995ರ ರಾಣೆಬೆನ್ನೂರು. ನಾನು ಏಳನೆಯ ತರಗತಿ. ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸ್ ಇತ್ತು. ಊರಿನಲ್ಲಿ ಅಂಥವು ಆಗ ಬೆರಳೆಣಿಕೆಯಷ್ಟು. ಚಪ್ಪಲಿ ಹೊರಗೆ ಬಿಡಬೇಕು, ದೂಳು ಹೋಗಬಾರದೆಂದು ಕಿಟಕಿಗೆ ದಪ್ಪ ಪರದೆ, ಕಂಪ್ಯೂಟರುಗಳಿಗೆ ಹೊಲಿಸಿದ ಬಟ್ಟೆಯ ಮುಸುಕು. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಕಲಿಸುತ್ತಿದ್ದರು. ಇದ್ದ ಐದು ಯಂತ್ರಗಳೂ ಕಪ್ಪು ಬಿಳುಪಿನವು.

ನನಗಿಂತ ಏಳು ವರ್ಷ ದೊಡ್ಡವನಾದ ಅಣ್ಣ ಡಿಪ್ಲೊಮಾ ಓದುತ್ತಲೇ ಅಲ್ಲಿ ಕೆಲಸಕ್ಕೆ ಸೇರಿದ್ದ. ಬೆಳಿಗ್ಗೆ ಬಾಗಿಲು ತೆಗೆದು ಗುಡಿಸುವುದರಿಂದ ಹಿಡಿದು ಹೊಸಬರಿಗೆ ಪಾಠ ಹೇಳುವವರೆಗೆ ಎಲ್ಲ ಅವನದೇ. ಸಂಬಳ ಹೇಳಿಕೊಳ್ಳುವಂತಿರಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಬೀಗದ ಕೈ ಅವನ ಬಳಿ ಇರುತ್ತಿತ್ತು. ಸೈಕಲ್ಲಿನ ಹಿಂದೆ ನನ್ನನ್ನು ಕೂಡಿಸಿಕೊಂಡು ಹೋಗುತ್ತಿದ್ದ. ಮೊದಲು ಒಂದು ತಾಸು ಟೈಪಿಂಗ್ ಅಭ್ಯಾಸ, ಡಾಸ್ ಕಮಾಂಡುಗಳು. ತಪ್ಪಿಲ್ಲದೆ ಮಾಡಿದರೆ ಆಮೇಲೆ ಅಂಗಿಯ ಜೇಬಿನಿಂದ ಫ್ಲಾಪಿ ಹೊರಗೆ ಬರುತ್ತಿತ್ತು.

ಆ ಆಟ ಹುಬ್ಬಳ್ಳಿಯಿಂದ ಯಾರದೋ ಕೈಯಿಂದ ಯಾರದೋ ಕೈಗೆ ಹಾರಿ ನಮ್ಮೂರಿಗೆ ಬಂದಿತ್ತು. ಅಂಗಡಿಯಲ್ಲಿ ಕೊಂಡದ್ದಲ್ಲ, ಹಾಗಾಗಿ ಜೊತೆಗೆ ಬರಬೇಕಾದ ಪುಸ್ತಿಕೆ ನಮ್ಮಲ್ಲಿರಲಿಲ್ಲ. ಅದರ ಶಿಕ್ಷೆ ಮೊದಲ ಲೆವೆಲ್ ಮುಗಿದ ಕೂಡಲೇ ಕಾದಿರುತ್ತಿತ್ತು. ಒಂದು ಕೋಣೆ ತುಂಬ ಔಷಧಿ ಸೀಸೆಗಳು, ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಪುಸ್ತಿಕೆಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದು ಎಂದು ಆಟ ಕೇಳುತ್ತದೆ. ಸರಿಯಾದ ಸೀಸೆ ಕುಡಿದರೆ ಮುಂದೆ ದಾರಿ, ತಪ್ಪಿದರೆ ವಿಷ. ಕಳ್ಳ ಪ್ರತಿ ಆಡುವವರನ್ನು ತಡೆಯಲು ಮಾಡಿದ ಉಪಾಯವದು.

ಅಣ್ಣ ಸೋಲುವವನಲ್ಲ. ಅಪ್ಪನ ಬೀಜದಂಗಡಿಯ ಹಳೆಯ ಲೆಕ್ಕದ ವಹಿಯೊಂದನ್ನು ತಂದಿಟ್ಟುಕೊಂಡ. ಪ್ರತಿ ಸಲ ಆಟ ಏನು ಕೇಳಿತು, ಯಾವ ಅಕ್ಷರ ಕುಡಿದಾಗ ಸತ್ತ, ಯಾವುದಕ್ಕೆ ಬದುಕಿದ ಎಂದು ಬರೆಯುತ್ತ ಹೋದ. ಕೆಲವು ತಿಂಗಳಲ್ಲಿ ನಮ್ಮಲ್ಲಿಲ್ಲದ ಪುಸ್ತಿಕೆಯನ್ನು ನಾವೇ ಒಂದೊಂದು ಅಕ್ಷರವಾಗಿ ಹೊರಗೆ ತೆಗೆದಿದ್ದೆವು. ಇಂದು ನಾನು ಸಾಫ್ಟ್‌ವೇರ್ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಏನು ಮಾಡಿದೆ, ಏನಾಯಿತು, ಬರೆದಿಡು. ನನ್ನ ಹೊಟ್ಟೆ ಹೊರೆಯುತ್ತಿರುವ ವಿದ್ಯೆ ಇಷ್ಟೇ, ಇದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ.

ತಮ್ಮನನ್ನು ಓಡಿಸಿದ ಅಣ್ಣ

ಆಟದ ಕಥೆ ಒಂದು ಸಾಲಿನದು. ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ಮಂತ್ರಿ ಜಾಫರ್ ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಟ್ಟಿದ್ದಾನೆ, ತನ್ನನ್ನು ಮದುವೆಯಾಗಬೇಕು ಇಲ್ಲವೇ ಸಾಯಬೇಕು. ಅಷ್ಟರೊಳಗೆ ನಾಯಕ ನೆಲಮಾಳಿಗೆಯಿಂದ ಹೊರಟು ಹನ್ನೆರಡು ಲೆವೆಲ್ ದಾಟಿ ಗೋಪುರ ಮುಟ್ಟಬೇಕು. ಈ ಒಂದು ಗಂಟೆ ನಮ್ಮ ಗೋಡೆ ಗಡಿಯಾರದ ಒಂದು ಗಂಟೆಯೇ. ಎಷ್ಟು ಸಲ ಸತ್ತರೂ ಮತ್ತೆ ಎದ್ದು ಆಡಬಹುದು, ಹೋದ ನಿಮಿಷ ಮಾತ್ರ ಹೋಯಿತು.

ಇದನ್ನು ಮಾಡಿದವರು ಅಮೆರಿಕದ ಜೋರ್ಡನ್ ಮೆಕ್ನರ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ 'ಕರಾಟೆಕಾ' ಎಂಬ ಆಟ ಮಾಡಿ ಗೆದ್ದಿದ್ದ ಹುಡುಗ. ಮುಂದಿನ ಆಟದ ನಾಯಕ ನಿಜವಾದ ಮನುಷ್ಯನ ಹಾಗೆ ಓಡಬೇಕು, ಜಿಗಿಯಬೇಕು ಎಂಬ ಹಟ ಅವರದು. ಚಿತ್ರ ಬರೆಯುವುದರಲ್ಲಿ ತಾನು ಅಂಥ ಪ್ರವೀಣನಲ್ಲವೆಂದು ಗೊತ್ತಿತ್ತು. ಅದಕ್ಕೆ 1985ರಲ್ಲಿ ಹೈಸ್ಕೂಲು ಓದುತ್ತಿದ್ದ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಕಾರು ನಿಲ್ಲಿಸುವ ಬಯಲಿಗೆ ಕರೆದೊಯ್ದು, ಓಡು, ಜಿಗಿ, ಗೋಡೆ ಹತ್ತು ಎಂದು ಹೇಳಿ ವಿಡಿಯೊ ತೆಗೆದರು. ಆ ವಿಡಿಯೊವನ್ನು ಟಿ.ವಿ.ಯಲ್ಲಿ ನಿಲ್ಲಿಸಿ ನಿಲ್ಲಿಸಿ ಫೋಟೊ ತೆಗೆದು, ಪ್ರತಿ ಚಿತ್ರದ ಅಂಚನ್ನು ಕೈಯಿಂದ ತಿದ್ದಿ ಕಂಪ್ಯೂಟರಿಗೆ ಏರಿಸಿದರು. ಸಿನಿಮಾದವರು ರೊಟೊಸ್ಕೋಪಿಂಗ್ ಎನ್ನುವ ಹಳೆಯ ವಿಧಾನವಿದು. ಕತ್ತಿವರಸೆಗೆ 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಚಿತ್ರದ ಕೊನೆಯ ಕಾಳಗ ಆಧಾರವಾಯಿತು. ಸಂಗೀತ ಕೊಟ್ಟವರು ಅವರ ತಂದೆ ಫ್ರಾನ್ಸಿಸ್ ಮೆಕ್ನರ್. ಒಟ್ಟಿನಲ್ಲಿ ಅಪ್ಪ, ಅಣ್ಣ, ತಮ್ಮ ಸೇರಿ ಮಾಡಿದ ಮನೆಯ ಕೆಲಸ.

ನಾಲ್ಕು ವರ್ಷದ ದುಡಿಮೆಯ ನಂತರ 1989ರಲ್ಲಿ ಬ್ರೊಡರ್‌ಬಂಡ್ ಕಂಪನಿ ಈ ಆಟವನ್ನು ಆಪಲ್ ಟು ಕಂಪ್ಯೂಟರಿಗೆ ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ಆಪಲ್ ಟು ಕಾಲವೇ ಮುಗಿಯುತ್ತ ಬಂದಿತ್ತು. ಮೊದಮೊದಲು ಮಾರಾಟವೂ ಮಂದ. ಮರುವರ್ಷ ಡಾಸ್‌ಗೆ ಬಂದು, ಆಮೇಲೆ ಒಂದೊಂದೇ ಯಂತ್ರಕ್ಕೆ ಹಬ್ಬಿ ಲೋಕಪ್ರಸಿದ್ಧವಾಯಿತು.

ಈಗ ಮತ್ತೆ ಆಡುವಾಗ ಗೊತ್ತಾಗುವುದು ಆ ಓಟದ ಬೆಲೆ. ಓಡುತ್ತಿರುವ ರಾಜಕುಮಾರ ಕೀ ಬಿಟ್ಟ ಕ್ಷಣಕ್ಕೆ ನಿಲ್ಲುವುದಿಲ್ಲ, ಮೈಯ ಭಾರಕ್ಕೆ ಒಂದೆರಡು ಹೆಜ್ಜೆ ಜಾರಿ ನಿಲ್ಲುತ್ತಾನೆ. ಒಂದು ಮಾಳಿಗೆಯಿಂದ ಬಿದ್ದರೆ ಏನೂ ಆಗದು, ಎರಡರಿಂದ ಬಿದ್ದರೆ ಒಂದು ಜೀವ ಕಡಿಮೆ, ಮೂರರಿಂದ ಬಿದ್ದರೆ ಮುಗಿಯಿತು. ಮೊಬೈಲ್ ಆಟಗಳಲ್ಲಿ ಬೆರಳು ತಾಗಿದ್ದೇ ತಡ ಆಕೃತಿ ತಿರುಗುತ್ತದೆ. ಇಲ್ಲಿ ಜಿಗಿಯಬೇಕೆಂದರೆ ಒಂದು ಹೆಜ್ಜೆ ಮೊದಲೇ ನಿರ್ಧಾರ ಆಗಿರಬೇಕು. ಮಗಳಿಗೆ ಮೊದಲ ಅರ್ಧ ತಾಸು ಇದೇ ಸಿಟ್ಟು. "ನಾನು ಒತ್ತಿದೆ, ಇವನು ಕೇಳ್ತಾನೇ ಇಲ್ಲ!" ಎಂದು ಮರಾಠಿಯಲ್ಲಿ ಬೈದಳು. ಅವಳ ಸಿಟ್ಟು ಯಾವಾಗಲೂ ಮರಾಠಿಯಲ್ಲೇ ಬರುವುದು.

ಆಮೇಲೆ ಅವಳಿಗೆ ಹಿಡಿಸಿದ್ದು ಶಿಫ್ಟ್ ಕೀ. ಅದನ್ನು ಹಿಡಿದು ನಡೆದರೆ ರಾಜಕುಮಾರ ಒಂದೊಂದೇ ಹೆಜ್ಜೆ ಎಚ್ಚರದಿಂದ ಇಡುತ್ತಾನೆ. ನೆಲದಿಂದ ಛಕ್ಕನೆ ಏಳುವ ಈಟಿಮೊನೆಗಳ ನಡುವೆಯೂ ಹಾಗೆ ನಡೆದು ಹೋಗಬಹುದು. ಓಡಿದವನನ್ನು ಕೊಲ್ಲುವ ಮುಳ್ಳು, ನಿಧಾನವಾಗಿ ಬಂದವನಿಗೆ ದಾರಿ ಬಿಡುತ್ತದೆ.

ಸೀಸೆಯ ಬಣ್ಣ

ನನಗೆ ಅಚ್ಚರಿಯಾದದ್ದು ಬಣ್ಣ. ಆಟವನ್ನು ನಾನು ಬಣ್ಣದಲ್ಲಿ ನೋಡಿಯೇ ಇರಲಿಲ್ಲ. ನೆಲಮಾಳಿಗೆಯ ಕಲ್ಲುಗಳಿಗೆ ತಣ್ಣನೆಯ ನೀಲಿ ಛಾಯೆಯಿದೆ. ರಾಜಕುಮಾರನ ಜೀವ ತೋರಿಸುವ ಮೂರು ತ್ರಿಕೋನಗಳು ಕೆಂಪು, ಕಾವಲುಗಾರನವು ನೀಲಿ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಸೀಸೆಗಳಿಂದ ಏಳುವ ಗುಳ್ಳೆಗಳಿಗೂ ಬಣ್ಣವಿದೆ. ಕೆಂಪಾದರೆ ಮದ್ದು, ನೀಲಿಯಾದರೆ ವಿಷ.

ನಮ್ಮ ಪರದೆಯ ಮೇಲೆ ಎರಡೂ ಬೂದಿಬಣ್ಣ. ಯಾವುದು ಮದ್ದು, ಯಾವುದು ವಿಷ ಎಂದು ಕುಡಿದೇ ತಿಳಿಯಬೇಕಿತ್ತು. ನನಗೆ ಆ ನೋವಿನ ನೆನಪು ಅಷ್ಟಾಗಿ ಇಲ್ಲ. ಯಾಕೆಂದರೆ ಹೊಸ ಸೀಸೆ ಸಿಕ್ಕಾಗಲೆಲ್ಲ ಅಣ್ಣ, "ಸರಿ, ನಾ ಕುಡೀತೀನಿ" ಎಂದು ಕೀಬೋರ್ಡ್ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಮುಂದಿನ ಸಲ ನನ್ನ ಸರದಿ ಬಂದಾಗ ಹಿಂದಿನಿಂದ "ಅದನ್ನ ಮುಟ್ಟಬ್ಯಾಡ" ಎನ್ನುತ್ತಿದ್ದ. ಅಷ್ಟೇ.

ಇನ್ನೊಂದು ಶತ್ರು ಕರೆಂಟು. ಹೇಳದೆ ಕೇಳದೆ ಹೋಗುತ್ತಿತ್ತು. ಯುಪಿಎಸ್ ಕೀಂ ಎಂದು ಕೂಗತೊಡಗಿದರೆ ಉಳಿದಿರುವುದು ಕೆಲವೇ ನಿಮಿಷ. ಮೂರನೆಯ ಲೆವೆಲ್ಲಿನಿಂದ ಮುಂದೆ ಆಟವನ್ನು ಉಳಿಸಿಡುವ ಸೌಲಭ್ಯವಿದೆ. ಕಂಟ್ರೋಲ್ ಜೊತೆ 'ಜಿ' ಒತ್ತಬೇಕು. ಇದು ನಮಗೆ ಗೊತ್ತಾದದ್ದು ಆಟ ಶುರುಮಾಡಿ ಒಂದು ವರ್ಷದ ಮೇಲೆ.

"ರಿವೈಂಡ್ ಇಲ್ವಾ?" ಎಂದು ಮಗಳು ಕೇಳಿದ್ದು ಸಹಜ. 2003ರಲ್ಲಿ ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೊ ಮಾಡಿದ 'ದಿ ಸ್ಯಾಂಡ್ಸ್ ಆಫ್ ಟೈಮ್'ನಲ್ಲಿ ರಾಜಕುಮಾರನ ಕೈಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿ ಸಿಕ್ಕಿತು. ಬಿದ್ದರೆ ಒಂದು ಗುಂಡಿ ಒತ್ತಿ ಬೀಳುವ ಮೊದಲಿನ ಜಾಗಕ್ಕೆ ಮರಳಬಹುದು. ಅದರ ಕಥೆಯನ್ನೂ ಬರೆದವರು ಮೆಕ್ನರ್. ಆ ಆಟಕ್ಕೂ ನಾವಿರುವ ಊರಿಗೂ ಒಂದು ಕೊಂಡಿಯುಂಟು. ಅದನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳು ಮಾಡುತ್ತಿವೆ ಎಂದು 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾದಾಗ ನಮ್ಮಂಥವರಿಗೆ ಎಷ್ಟು ಹಿಗ್ಗು! ನಾವು ಕದ್ದು ಆಡಿದ ಆಟ ನಮ್ಮ ಪಕ್ಕದ ರಸ್ತೆಯಲ್ಲಿ ತಯಾರಾಗುತ್ತಿದೆಯೆಂದು ಊರಿನ ಗೆಳೆಯರಿಗೆಲ್ಲ ಸಂದೇಶ ಕಳಿಸಿದ್ದೆ. ಅಣ್ಣನಿಗೂ ಕಳಿಸಿದ್ದೆ. ಮೊದಲ ತುಣುಕು ನೋಡಿದ ಆಟಗಾರರು ಚಿತ್ರಗಳು ಸಪ್ಪೆ ಎಂದರು, ಬಿಡುಗಡೆ ಮುಂದೆ ಹೋಯಿತು, 2022ರಲ್ಲಿ ಆ ಕೆಲಸ ಮರಳಿ ಮಾಂಟ್ರಿಯಲ್‌ಗೆ ಹೋಯಿತು.

ಮಗಳಿಗೆ ಹೇಳಿದೆ, "ಇದರಲ್ಲಿ ರಿವೈಂಡ್ ಇಲ್ಲ. ಬಿದ್ದರೆ ಬಿದ್ದಂತೆ."

ಕನ್ನಡಿಯ ಮುಂದೆ

ನಾಲ್ಕನೆಯ ಲೆವೆಲ್ಲಿನಲ್ಲಿ ನಿಂತುಬಿಟ್ಟೆವು.

ಅಲ್ಲಿ ಹೊರಬಾಗಿಲನ್ನು ತೆರೆದು ಬಂದ ದಾರಿಯಲ್ಲಿ ಮರಳುವಾಗ, ಮೊದಲು ಖಾಲಿಯಿದ್ದ ಜಾಗದಲ್ಲಿ ಆಳೆತ್ತರದ ಕನ್ನಡಿಯೊಂದು ಎದ್ದು ನಿಂತಿರುತ್ತದೆ. ದಾರಿ ಬಂದ್. ಅದನ್ನು ಒಡೆಯಲಾಗದು, ಹತ್ತಲಾಗದು. ಅದರೊಳಕ್ಕೇ ಜಿಗಿಯಬೇಕು. ಜಿಗಿದಾಗ ರಾಜಕುಮಾರ ಈಚೆ ಬರುತ್ತಾನೆ, ಅವನ ಪ್ರತಿಬಿಂಬವೂ ಕನ್ನಡಿಯಿಂದ ಹೊರಬಂದು ಎದುರು ದಿಕ್ಕಿಗೆ ಓಡಿಹೋಗುತ್ತದೆ. ಜೀವದ ತ್ರಿಕೋನಗಳಲ್ಲಿ ಒಂದೇ ಒಂದು ಉಳಿಯುತ್ತದೆ. ಮುಂದೆ ಆ ನೆರಳು ಮನುಷ್ಯ ಕಾಡುತ್ತಲೇ ಇರುತ್ತಾನೆ. ಐದನೆಯ ಲೆವೆಲ್ಲಿನಲ್ಲಿ ನಿಮ್ಮ ಮದ್ದನ್ನು ನಿಮ್ಮ ಕಣ್ಣೆದುರೇ ಕುಡಿದು ಹೋಗುತ್ತಾನೆ, ಆರರಲ್ಲಿ ನೀವು ಜಿಗಿಯುವ ಹೊತ್ತಿಗೆ ಬಾಗಿಲು ಮುಚ್ಚಿ ಕೆಳಕ್ಕೆ ಬೀಳಿಸುತ್ತಾನೆ.

ಈ ನೆರಳು ಹುಟ್ಟಿದ್ದು ಬಡತನದಿಂದ. ಆಪಲ್ ಟು ಯಂತ್ರದ ಮೆಮೊರಿ ರಾಜಕುಮಾರನ ಚಿತ್ರಗಳಿಗೇ ತುಂಬಿಹೋಗಿತ್ತು, ಎದುರಾಳಿಯೊಬ್ಬನನ್ನು ಸೇರಿಸಲು ಜಾಗವಿಲ್ಲ ಎಂದು ಮೆಕ್ನರ್ ಕೈಚೆಲ್ಲಿದ್ದರು. ಆದರೆ ಕಾಳಗವಿಲ್ಲದೆ ಆಟ ಸಪ್ಪೆ ಎಂದು ಸಹೋದ್ಯೋಗಿ ಟೋಮಿ ಪಿಯರ್ಸ್ ಬಿಡದೆ ಹೇಳುತ್ತಿದ್ದರು. ಕೊನೆಗೆ ಹೊಳೆದದ್ದು ರಾಜಕುಮಾರನ ಚಿತ್ರಗಳನ್ನೇ ತುಸು ಸರಿಸಿ, ಒಂದರ ಮೇಲೊಂದು ಹಾಯಿಸಿ ಮಿನುಗುವ ನೆರಳು ಮಾಡುವ ಉಪಾಯ. ಹೊಸ ಚಿತ್ರ ಒಂದೂ ಬೇಡ. ನಾಯಕನಿಗೆ ಅವನೇ ವೈರಿ. ಅಷ್ಟಾದ ಮೇಲೆ ಅಲ್ಲಿ ಇಲ್ಲಿ ಜಾಗ ಉಳಿಸಿ ಕಾವಲುಗಾರರನ್ನೂ ತಂದರು.

ಇಷ್ಟೆಲ್ಲ ಮಗಳಿಗೆ ವಿವರಿಸಿದೆ, ಕನ್ನಡಿ ಮಾತ್ರ ದಾಟಲಾಗಲಿಲ್ಲ. ಜಿಗಿದಾಗಲೆಲ್ಲ ಮುಖಕ್ಕೆ ಬಡಿದು ಹಿಂದಕ್ಕೆ ಬೀಳುತ್ತಿದ್ದ. "ಯೂಟ್ಯೂಬ್ ನೋಡೋಣ" ಎಂದಳು. ಬೇಡ ಎಂದೆ. "ಹಾಗಾದ್ರೆ ದೊಡ್ಡಪ್ಪನ್ನ ಕೇಳು. ಅವರೇ ಅಲ್ವಾ ನಿಂಗೆ ಕಲಿಸಿದ್ದು?"

ಆ ಮಾತಿಗೆ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯ ಕೈ ನಿಂತದ್ದು ಕೇಳಿಸಿತು.

ಅಣ್ಣನ ಜೊತೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಇಂಥ ಅಂಕಣದಲ್ಲಿ ಮನೆಯ ಜಗಳ ಬರೆಯಬಾರದು, ಆದರೆ ಹೊರಗಿರುವ ನಮ್ಮಲ್ಲಿ ಹಲವರ ಮನೆಯಲ್ಲಿ ಇದೇ ಜಗಳವಿದೆ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ರಾಣೆಬೆನ್ನೂರಿನ ಹಳೆಯ ಮನೆ ಮಾರೋಣ ಎಂದು ನಾನು ಎತ್ತಿದೆ. ಇಲ್ಲಿನ ಫ್ಲ್ಯಾಟಿನ ಸಾಲ ಹಗುರಾಗಲಿ ಎಂಬುದು ನನ್ನ ಲೆಕ್ಕ. ತಾನು ಇರುವ ಮನೆಯನ್ನು ಮಾರಿ ಎಲ್ಲಿಗೆ ಹೋಗಲಿ ಎಂಬುದು ಅಣ್ಣನ ಪ್ರಶ್ನೆ. "ಹಾಗಾದರೆ ನನ್ನ ಪಾಲು ಕೊಡು" ಎಂದೆ. "ನೀ ಹೋದಾವ. ಉಳಿದಾವಂದು ನಿನಗೇನ ಗೊತ್ತು" ಎಂದ. ಆಮೇಲೆ ಇಬ್ಬರೂ ಆಡಬಾರದ್ದನ್ನು ಆಡಿದೆವು. ಅಂದಿನಿಂದ ನನ್ನ ಹೆಂಡತಿ ಮತ್ತು ಅತ್ತಿಗೆಯ ನಡುವೆ ಹಬ್ಬದ ಶುಭಾಶಯಗಳು ಓಡಾಡುತ್ತಿದ್ದವು, ಅಷ್ಟೇ.

ಅವನು ಹೇಳಿದ್ದು ಸುಳ್ಳಲ್ಲ. ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅಪ್ಪನ ಆರೋಗ್ಯ ಕೆಟ್ಟಿತು. ಅಣ್ಣನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಅವನು ಹೋಗಲಿಲ್ಲ, ಬೀಜದಂಗಡಿಯಲ್ಲಿ ಕೂತ. ನಾನು ಹುಬ್ಬಳ್ಳಿಗೆ ಎಂಜಿನಿಯರಿಂಗ್ ಓದಲು ಹೋದೆ, ಅಲ್ಲಿಂದ ಪುಣೆಗೆ. ನಮ್ಮಿಬ್ಬರಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿದ್ದದ್ದು ಯಾರಿಗೆ ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಫೋನ್ ಹಚ್ಚಿದೆ. ನಾಲ್ಕನೆಯ ರಿಂಗಿಗೆ ಎತ್ತಿದ.

"ಹೇಳು."

"ಅಣ್ಣಾ, ಅದೂ... ಪ್ರಿನ್ಸ್ ಆಟದಾಗ ಕನ್ನಡಿ ಬರತೈತಲಾ, ಅದನ್ನ ಹೆಂಗ ದಾಟತಿದ್ದಿ?"

ಸ್ವಲ್ಪ ಹೊತ್ತು ಮಾತಿಲ್ಲ. ಮುಂಗಾರಿನ ದಿನವಾದ್ದರಿಂದ ಭಾನುವಾರವೂ ಅಂಗಡಿ ತೆರೆದಿತ್ತು. ಯಾರೋ ಗೋವಿನಜೋಳದ ಬೀಜದ ರೇಟು ಕೇಳುತ್ತಿದ್ದದ್ದು ಕೇಳಿಸಿತು. ಅವರಿಗೆ ಉತ್ತರ ಹೇಳಿ ಕಳಿಸಿದ. ಆಮೇಲೆ ಅಂದ,

"ನಿಂತಲ್ಲೇ ಜಿಗೀಬ್ಯಾಡ. ಹಿಂದಕ ಬಾ. ಹಿಂದಕ ಬಂದು ಓಡಿಕೋಂತ ಹೋಗಿ ಜಿಗಿ. ಮಾರಿಗೆ ಬಡೀತೈತಿ ಅಂತ ಅಂಜಬಾರದು."

"ಒಂದಾ ಜೀವ ಉಳಿತೈತಿ."

"ಉಳಿತೈತಿ. ಮುಂದಿನ ಲೆವಲ್ಲಿಗೆ ಹೋದರ ಮತ್ತ ತುಂಬತೈತಿ. ಯಾರು ಆಡಾಕತ್ತಾರ, ಪುಟ್ಟಿನೇನು?"

ಫೋನನ್ನು ಮಗಳು ಕಸಿದುಕೊಂಡಳು. ಮುಂದಿನ ಇಪ್ಪತ್ತು ನಿಮಿಷ ಆಟ ನಡೆಸಿದ್ದು ರಾಣೆಬೆನ್ನೂರಿನಿಂದ. ಪರದೆ ಕಾಣದೆಯೇ, ಬರೀ ನೆನಪಿನ ಮೇಲೆ. ಎಡಕ್ಕೆ ಹೋಗು, ಅಲ್ಲೊಂದು ಸಡಿಲ ಕಲ್ಲು ಇದೆ, ಅಲ್ಲಿ ನಿಲ್ಲಬೇಡ.

ಅಟ್ಟದ ಮೇಲಿನ ಗಂಟು

ಆ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಅಣ್ಣನಿಂದ ಒಂದು ಫೋಟೊ ಬಂತು. ಅಪ್ಪನ ಲೆಕ್ಕದ ವಹಿಯ ಪುಟ. ಒಂದು ಬದಿಗೆ ಅಪ್ಪನ ದುಂಡು ಅಕ್ಷರ, ಹತ್ತಿಬೀಜದ ಪಾಕೀಟು, ಬಾಕಿ, ಜಮಾ. ಇನ್ನೊಂದು ಬದಿಗೆ ಅಣ್ಣನ ಅಕ್ಷರದಲ್ಲಿ ಪುಟ, ಸಾಲು, ಪದ, ಅದರ ಮುಂದೊಂದು ಇಂಗ್ಲಿಷ್ ಅಕ್ಷರ. ತಪ್ಪಾದವಕ್ಕೆ ಗೀಟು ಹೊಡೆದಿದ್ದ. ಕೆಳಗೆ ಮೂಲೆಯಲ್ಲಿ, 'ತಮ್ಮ, 7ನೇ ಲೆವೆಲ್, ಕರೆಂಟ್ ಹೋಯಿತು' ಎಂದಿತ್ತು. ಅಟ್ಟದ ಮೇಲಿನ ಗಂಟಿನಲ್ಲಿ ಹುಡುಕಿ ತೆಗೆದನಂತೆ. ನಾನು ಮಾರೋಣ ಎಂದಿದ್ದ ಮನೆಯ ಅಟ್ಟ.

ಮೆಕ್ನರ್ ಅವರಿಗೂ ಹೀಗೇ ಒಂದು ಗಂಟು ಸಿಕ್ಕಿತ್ತು. ಆಟದ ಮೂಲ ಕೋಡ್ ಇದ್ದ ಫ್ಲಾಪಿಗಳು ವರ್ಷಗಟ್ಟಲೆ ಕಾಣೆಯಾಗಿದ್ದವು. 2012ರಲ್ಲಿ ಅವರ ತಂದೆ ಮನೆಯ ಕಪಾಟು ಖಾಲಿಮಾಡುವಾಗ ಸಿಕ್ಕ ಪೆಟ್ಟಿಗೆಯೊಂದನ್ನು ಮಗನಿಗೆ ಕಳಿಸಿಕೊಟ್ಟರು. ಅದರಲ್ಲಿದ್ದವು ಆ ಫ್ಲಾಪಿಗಳು. ಹಳೆಯ ಯಂತ್ರಗಳನ್ನು ಬಲ್ಲವರ ನೆರವಿನಿಂದ ಅದನ್ನು ಓದಿ ತೆಗೆದು, ಯಾರು ಬೇಕಾದರೂ ನೋಡಲೆಂದು ಇಂಟರ್ನೆಟ್ಟಿನಲ್ಲಿಟ್ಟರು. ಆ ತಂದೆ ಹುಡುಗನಾಗಿದ್ದಾಗ ನಾತ್ಸಿಗಳ ಕೈಯಿಂದ ತಪ್ಪಿಸಿಕೊಂಡು ವಿಯೆನ್ನಾ ಬಿಟ್ಟವರು, ಫ್ರಾನ್ಸಿನಲ್ಲಿ ತಲೆಮರೆಸಿಕೊಂಡು ಕೊನೆಗೆ ಸಮುದ್ರ ದಾಟಿದವರು. ಅಜ್ಜ, ಅಪ್ಪ ಮತ್ತು ತನ್ನ ಊರು ಬಿಟ್ಟ ಕಥೆಗಳನ್ನು ಮೆಕ್ನರ್ 'ರೀಪ್ಲೇ' ಎಂಬ ಚಿತ್ರಕಥಾ ಪುಸ್ತಕದಲ್ಲಿ ಹೇಳಿದ್ದಾರೆ. ಅವರು ಓಡಿದ್ದು ಜೀವ ಉಳಿಸಿಕೊಳ್ಳಲು, ನಾವು ಊರು ಬಿಟ್ಟದ್ದು ಸಂಬಳಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಊರು ಬಿಟ್ಟವನ ವಸ್ತುಗಳನ್ನು ಯಾರೋ ಒಬ್ಬರು ಕಪಾಟಿನಲ್ಲೋ ಅಟ್ಟದಲ್ಲೋ ಕಾಯ್ದಿಟ್ಟಿರುತ್ತಾರೆ ಎಂಬುದು ಅಲ್ಲಿಗೂ ಇಲ್ಲಿಗೂ ಒಂದೇ.

ಕೊನೆಯ ಲೆವೆಲ್

ಮೂರು ಭಾನುವಾರ ಹಿಡಿಯಿತು. ಎಂಟನೆಯ ಲೆವೆಲ್ಲಿನಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಸಿಕ್ಕಿಬಿದ್ದಾಗ ರಾಜಕುಮಾರಿ ಕಳಿಸಿದ ಪುಟ್ಟ ಇಲಿ ಓಡಿಬಂದು ಕಲ್ಲೊತ್ತಿ ಬಾಗಿಲು ತೆರೆಯುವುದನ್ನು ನೋಡಿ ಮಗಳು ಕುಣಿದಾಡಿದಳು. ಒಂಬತ್ತರಲ್ಲಿ ಹಸಿರು ಸೀಸೆ ಕುಡಿದು ಪರದೆಯೇ ತಲೆಕೆಳಗಾಯಿತು. ಅದರಿಂದ ಮುಂದಿನದೆಲ್ಲ ನನಗೂ ಹೊಸದು. ನಾನು ಹಿಂದೆ ಅಲ್ಲಿಗೆ ಹೋಗಿಯೇ ಇರಲಿಲ್ಲ.

ಹನ್ನೆರಡನೆಯದರಲ್ಲಿ ಗೋಪುರ ಹತ್ತಿ ಮೇಲೆ ಬಂದರೆ ನೆರಳು ಮನುಷ್ಯ ಕತ್ತಿ ಹಿಡಿದು ಎದುರಾದ. ನಾನೂ ಕತ್ತಿ ಬೀಸಿದೆ. ಎರಡು ಸಲ ಸತ್ತ ಮೇಲೆ ಮಗಳು ಹೇಳಿದಳು, "ಅಪ್ಪಾ, ಅವನಿಗೆ ಹೊಡೆದ್ರೆ ನಿಂದೇ ಕಡಿಮೆ ಆಗ್ತಿದೆ. ನೋಡು." ನೋಡಿದೆ. ಹೌದು. ಕೆಳಬಾಣದ ಕೀ ಒತ್ತಿದೆ. ರಾಜಕುಮಾರ ಕತ್ತಿಯನ್ನು ಒರೆಗೆ ಸೇರಿಸಿದ. ನೆರಳೂ ಸೇರಿಸಿತು. ಇಬ್ಬರೂ ಒಬ್ಬರತ್ತ ಒಬ್ಬರು ಓಡಿಬಂದು ಒಂದಾದರು. ಮುಂದೆ ನೆಲವೇ ಇಲ್ಲದ ಕಡೆ ಕಾಲಿಟ್ಟರೆ, ಇಟ್ಟ ಹೆಜ್ಜೆಯ ಕೆಳಗೆ ಕಲ್ಲು ಮೂಡುತ್ತ ಹೋಯಿತು. ಜಾಫರನನ್ನು ಮುಗಿಸಿ ರಾಜಕುಮಾರಿಯನ್ನು ತಲುಪಿದಾಗ ಏಳು ನಿಮಿಷ ಉಳಿದಿತ್ತು.

ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ಎರಡನೆಯ ರಿಂಗಿಗೆ ಎತ್ತಿದ.

"ಮುಗೀತೇನು?"

"ಮುಗೀತು. ನೀನೂ ಮುಗಿಸಿದ್ದಿ ಅಲ್ಲೇನು?"

"ಇಲ್ಲೋ ತಮ್ಮಾ. ಹನ್ನೆರಡರ ತನಕ ಹೋಗಿದ್ದೆ. ಆ ನೆಳ್ಳಿನ ಜೋಡಿ ಬಡದಾಡಿ ಬಡದಾಡಿ ಟೈಮ್ ಮುಗದು ಹೋಗತಿತ್ತು. ಆಮ್ಯಾಲೆ ಕ್ಲಾಸೂ ಬಂದ್ ಆತು. ಅವನನ್ನ ಹೆಂಗ ಕೊಂದಿ?"

"ಕೊಲ್ಲಾಕ ಆಗೂದಿಲ್ಲ ಅಣ್ಣಾ. ಕತ್ತಿ ಒಳಗ ಇಡಬೇಕು. ತಾನಾ ಬರತಾನ."

ಅಣ್ಣ ಸುಮ್ಮನಾದ. ನಾನೂ ಸುಮ್ಮನಾದೆ. ಆಮೇಲೆ, "ಇಷ್ಟಾ ಏನು," ಎಂದ. "ಆ ಕೀ ಒತ್ತಿ ನೋಡಿದ್ದಿಲ್ಲ ನಾ."

ಮನೆಯ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅದೇನೂ ಬಗೆಹರಿದಿಲ್ಲ. ಬ್ಯಾಂಕಿನ ಕಂತು ಪ್ರತಿ ತಿಂಗಳು ಐದನೆಯ ತಾರೀಖಿಗೆ ಕಡಿತವಾಗುತ್ತಲೇ ಇದೆ, ಮನೆಯ ಹೆಂಚು ಪ್ರತಿ ಮಳೆಗಾಲ ಸೋರುತ್ತಲೇ ಇದೆಯಂತೆ. ಕೂತು ಮಾತಾಡಬೇಕು. ಫೋನಿನಲ್ಲಿ ಆಗುವ ಮಾತಲ್ಲ ಅದು.

ನಮ್ಮ ವಾಕಡದ ಫ್ಲ್ಯಾಟಿನ ಬಾಲ್ಕನಿಯಿಂದ ಕಾಣುವ ಹೆದ್ದಾರಿ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ರಾಣೆಬೆನ್ನೂರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಇಷ್ಟು ವರ್ಷ ಗಣಪತಿ ಹಬ್ಬಕ್ಕೆ, "ಪುಣೆಯ ಗಣಪತಿ ಬಿಟ್ಟು ಯಾರು ಹೋಗ್ತಾರೆ" ಎಂದು ಹೇಳಿಕೊಂಡು ಇಲ್ಲೇ ಉಳಿಯುತ್ತಿದ್ದೆ. ಈ ವರ್ಷ ಊರಿಗೆ ಹೊರಟಿದ್ದೇವೆ. ಫೋನ್ ಇಡುವ ಮುಂಚೆ ಅಣ್ಣ ಹೇಳಿದ್ದು ಎರಡೇ ಮಾತು, "ಬರಬೇಕಾದರ ಆ ಲ್ಯಾಪ್‌ಟಾಪ್ ತಗೊಂಡ ಬಾ. ಹನ್ನೆರಡನೇದು ನಾನಾ ಆಡತೀನಿ, ನೀ ಹೇಳಿಕೊಡಬ್ಯಾಡ."